ಹುಲಿಗೆವ್ವ ಒಬ್ಬಳೇ ದಾಟಿದ ದಿನ

ಹೊಳೆಯ ಈ ದಡದಲ್ಲಿ ಗುರುಗಳ ಆಶ್ರಮ, ಆ ದಡದಲ್ಲಿ ಊರು. ಶಿಷ್ಯರನ್ನು ದಿನವೂ ಹರಿಗೋಲಿನಲ್ಲಿ ದಾಟಿಸುತ್ತಿದ್ದವಳು ಹುಲಿಗೆವ್ವ. ಅವಳೂ ಅಲ್ಲಿಯ ಶಿಷ್ಯೆಯೇ.

ನಾಲ್ಕು ಸಲ ಹೋಗಿ ಬಂದು, ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಅವಳು ಓಡಿ ಬರುವಷ್ಟರಲ್ಲಿ ಪಾಠದ ಗಂಟೆ ಬಾರಿಸಿರುತ್ತಿತ್ತು.

ಹಿರಿಯ ಶಿಷ್ಯ ಸೋಮದೇವ ಹೊಸ ನಿಯಮ ತಂದ. ಗಂಟೆಯಾದ ಮೇಲೆ ಬಾಗಿಲು ತೆರೆಯುವುದಿಲ್ಲ. ಮೂರು ದಿನ ತಪ್ಪಿದವರ ಹೆಸರು ಹೊಡೆದುಹಾಕುವುದು.

ಎರಡು ದಿನ ಹುಲಿಗೆವ್ವ ಹೊರಗುಳಿದಳು.

“ನಿಮ್ಮನ್ನೆಲ್ಲ ದಾಟಿಸಿದ್ದಕ್ಕೇ ತಡವಾಯಿತಣ್ಣ.”

“ನಿಯಮ ಎಲ್ಲರಿಗೂ ಒಂದೇ ತಂಗಿ,” ಎಂದ ಸೋಮದೇವ ಬಾಗಿಲ ಒಳಗಿನಿಂದಲೇ.

“ಹೌದು ಮತ್ತೆ. ಕಾಲು ಚಾಚಿ ಕೂತು ಬಂದವರಿಗೂ ಒಂದೇ, ಹುಟ್ಟು ಹಾಕಿ ಬಂದವಳಿಗೂ ಒಂದೇ.”

ಅವಳು ಕಿಟಕಿಯ ಹತ್ತಿರ ಹೋದಳು.

“ಗುರುಗಳೇ, ಇಲ್ಲೇ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳಲೇ?”

“ಜಗಲಿಗೆ ಕೇಳಿಸುವಷ್ಟು ದನಿ ನನಗಿಲ್ಲ,” ಎಂದರು ಗುರುಗಳು. “ಕಲಿಯಬೇಕೆನ್ನುವವಳು ಒಳಗೆ ಬರಬೇಕು.”

ಹುಲಿಗೆವ್ವನಿಗೆ ಮೈ ಉರಿಯಿತು. ಪಾಠ ಮುಗಿದ ಮೇಲೆ ಎಲ್ಲರನ್ನೂ ದಾಟಿಸಿ, ಆ ಮಾತನ್ನೇ ಮೆಲುಕು ಹಾಕುತ್ತ ಮನೆಗೆ ಹೋದಳು.

ಮೂರನೆಯ ದಿನ ಎಂದಿನಂತೆ ಮೊದಲು ಹತ್ತಲು ಬಂದವನು ಸೋಮದೇವನೇ.

“ಕಾಲು ತೆಗೆಯಿರಿ ಅಣ್ಣ. ಇವತ್ತು ತಪ್ಪಿದರೆ ನನ್ನ ಹೆಸರು ಹೋಗುತ್ತದೆ.”

ಖಾಲಿ ಹರಿಗೋಲನ್ನು ನೀರಿಗೆ ನೂಕಿ ಹೊರಟೇಬಿಟ್ಟಳು.

ಗಂಟೆ ಬಾರಿಸಿದಾಗ ಪಾಠಶಾಲೆಯಲ್ಲಿ ಅವಳೊಬ್ಬಳೇ ಇದ್ದಳು, ಮುಂದಿನ ಸಾಲಿನಲ್ಲಿ. ಗುರುಗಳು ಬಾಗಿಲು ಹಾಕಿ ಪಾಠ ಶುರು ಮಾಡಿದರು.

ಅರ್ಧ ಪಾಠವಾದಾಗ ಯಾರೋ ಬಾಗಿಲು ಬಡಿದರು. ಗುರುಗಳು ಕಿಟಕಿಯಿಂದ ನೋಡಿದರು. ಈಜಿಕೊಂಡು ಬಂದ ಸೋಮದೇವ ನೀರು ಸೋರಿಸುತ್ತ ನಿಂತಿದ್ದ.

“ಗುರುಗಳೇ, ಇವಳು ನಮ್ಮನ್ನೆಲ್ಲ ಬಿಟ್ಟು ಬಂದಳು. ಅಷ್ಟೂ ಜನ ಆ ದಡದಲ್ಲೇ ನಿಂತಿದ್ದಾರೆ.”

“ಗಂಟೆಯೊಳಗೆ ಬಂದಳಲ್ಲ,” ಎಂದರು ಗುರುಗಳು.

ಸೋಮದೇವ ಮುಖ ಒರೆಸಿಕೊಂಡ. “ಆಗಲಿ. ನಾಳೆಯಿಂದ ಇವಳೊಬ್ಬಳಿಗೆ ವಿನಾಯಿತಿ ಕೊಡೋಣ. ಬಡವರ ಮನೆಯ ಹುಡುಗಿ.”

“ನಿಮ್ಮ ಕರುಣೆ ನಿಮ್ಮ ಹತ್ತಿರವೇ ಇರಲಿ,” ಎಂದಳು ಹುಲಿಗೆವ್ವ. “ನನಗೆ ಬೇಕಾದ್ದು ಸರದಿ. ದಿನಕ್ಕೊಬ್ಬರು ಹುಟ್ಟು ಹಾಕಿ.”

“ನನಗೆ ಬರುವುದಿಲ್ಲವಲ್ಲ.”

“ನಾನೂ ಹುಟ್ಟುತ್ತಲೇ ಕಲಿತು ಬಂದವಳಲ್ಲ.”

ಸೋಮದೇವ ಗುರುಗಳ ಮುಖ ನೋಡಿದ.

“ಹೊಸಬರ ಕೈಯಲ್ಲಿ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ, ಸೋಮದೇವ,” ಎಂದರು ಗುರುಗಳು. “ನಾಳೆ ಬೇಗ ಏಳು.”