ಆರನೆಯ ಪ್ಲಗ್

ನದಿಯ ದಂಡೆಯಲ್ಲಿ ಗುರುಪಾದಜ್ಜನ ಆಶ್ರಮ. ಅಲ್ಲೊಂದು ಹಳೆಯ ಪೆಟ್ರೋಲ್ ಲಾರಿ. ಬೇಸಿಗೆಯಲ್ಲಿ ಗುಡ್ಡದ ಮೇಲೆ ಬೀಡುಬಿಟ್ಟ ಕುರಿಗಾರರಿಗೆ ನೀರು ಹೊತ್ತೊಯ್ಯುತ್ತಿದ್ದದ್ದು ಅದೇ.

ಲಾರಿ ಓಡಿಸುವವನು ಶಿಷ್ಯ ಬಾಳಪ್ಪ. ಆಶ್ರಮಕ್ಕೆ ಬರುವ ಮೊದಲು ಕುಸ್ತಿ ಹಿಡಿಯುತ್ತಿದ್ದವನು. ಕೈಗೆ ಸಿಕ್ಕಿದ್ದನ್ನು ಬಗ್ಗಿಸದೆ ಬಿಟ್ಟವನಲ್ಲ.

ಒಂದು ಮುಂಜಾನೆ ಲಾರಿ ಅರ್ಧ ಗುಡ್ಡ ಏರಿ, ಕೆಮ್ಮಿ, ನಿಂತುಬಿಟ್ಟಿತು. ಬಾಳಪ್ಪ ನೀರು ತುಂಬಿದ ಟ್ಯಾಂಕಿನ ಸಮೇತ ಅದನ್ನು ಹಿಂದಕ್ಕೆ ಇಳಿಸಿಕೊಂಡು ಬಂದ.

"ಸ್ಪಾರ್ಕ್ ಪ್ಲಗ್ ಸುಟ್ಟಾವ್ರಿ ಅಜ್ಜಾರ. ಪೆಟ್ರೋಲಿಗೆ ಕಿಡಿ ಹತ್ತವಲ್ದು. ಹೊಸಾವು ಹಾಕ್ತೀನಿ."

"ಹಾಕಪಾ."

ಬಿಸಿಲೇರುವ ಹೊತ್ತಿಗೆ ಬಾಳಪ್ಪ ಕೈ ಒರೆಸಿಕೊಂಡ. "ಮುಗೀತ್ರಿ."

"ಎಲ್ಲಾ ಹಾಕಿದಿ?"

"ಐದು ಹಾಕೀನ್ರಿ. ಆರನೇದು ಕ್ಯಾಬಿನ್ನಿನ ಗೋಡಿಗೆ ಅಂಟಿಕೊಂಡು ಒಳಗ ಕುಂತೈತಿ. ಕಣ್ಣಿಗೆ ಕಾಣಂಗಿಲ್ಲ, ಕೈಗೆ ಎಟಕಂಗಿಲ್ಲ. ಹಳೇದ ಇರ್ಲಿ. ಐದು ಸಾಕು."

ಬೇವಿನ ನೆರಳಿನಲ್ಲಿ ಬೀರವ್ವ ಕೂತಿದ್ದಳು. ನೀರು ಬರಲಿಲ್ಲವೆಂದು ಗುಡ್ಡದಿಂದ ಇಳಿದು ಬಂದ ಕುರಿಗಾರ್ತಿ. ಅವಳ ಮಡಿಲಲ್ಲಿ ಕತ್ತು ಜೋಲಿದ ಮರಿ. ನೀರಲ್ಲಿ ಬೆರಳು ಅದ್ದಿ ಅದರ ತುಟಿಗೆ ಸವರುತ್ತಿದ್ದಳು.

"ಹೋಗು," ಎಂದರು ಗುರುಗಳು. "ಐದು ಸಾಕಂತ ಆಕಿಗೆ ಹೇಳಿ ಬಾ."

ಬಾಳಪ್ಪ ಆ ಕಡೆ ಒಮ್ಮೆ ನೋಡಿದ. ಹೋಗಲಿಲ್ಲ. ಮತ್ತೆ ಬಾನೆಟ್ಟು ಎತ್ತಿದ.

ಪ್ಲಗ್ ಬಿಚ್ಚುವ ಉದ್ದನೆಯ ಪಾನಾ ಇಳಿಸಿ ಹಳೆಯ ಪ್ಲಗ್ಗನ್ನು ಹೇಗೋ ಕಿತ್ತ. ಹೊಸದನ್ನು ಪಾನಾದ ತುದಿಗೆ ಸಿಕ್ಕಿಸಿ, ಕಾಣದ ಆ ಸಂದಿಗೆ ಇಳಿಸಿ ತಿರುಗಿಸಿದ. ಸೊಟ್ಟಗೆ ಕಚ್ಚಿತು. ತೆಗೆದು ಮತ್ತೆ ಇಳಿಸಿದ. ಮತ್ತೆ ಸೊಟ್ಟಗೇ. ಸಿಟ್ಟು ನೆತ್ತಿಗೇರಿತು. ಹಲ್ಲು ಕಚ್ಚಿ ರಟ್ಟೆಯ ಬಲವನ್ನೆಲ್ಲ ಪಾನಾಕ್ಕೆ ತಂದ.

ಗುರುಗಳ ಕೈ ಅವನ ಮುಂಗೈ ಮೇಲೆ ಬಂದು ಕೂತಿತು. ಭಾರವೇ ಇಲ್ಲದ ಕೈ.

"ಒಳಗಿನ ತಿರುಪಿನ ಸುತ್ತು ಹರಿದ್ರ, ಇಂಜಿನ್ನ ಹೋತು."

ಬಾಳಪ್ಪ ಹಿಡಿತ ಸಡಿಲಿಸಿದ. "ಮತ್ತೇನ್ ಮಾಡ್ಲಿರೀ?"

ಗುರುಗಳು ಪಾನಾ ತೆಗೆದು ಪಕ್ಕಕ್ಕಿಟ್ಟರು. ಹೂದೋಟಕ್ಕೆ ಹೋಗಿ, ನೀರು ಬಿಡುವ ರಬ್ಬರ್ ಪೈಪಿನ ಒಂದು ತುಂಡು ಕತ್ತರಿಸಿ ತಂದರು. ಪ್ಲಗ್ಗಿನ ತಲೆಯನ್ನು ಅದರ ಬಾಯಿಗೆ ತುರುಕಿ ಶಿಷ್ಯನಿಗೆ ಕೊಟ್ಟರು.

"ಇದು ಮೆತ್ತಗೈತ್ರಿ ಅಜ್ಜಾರ. ಜೋರು ಮಾಡಿದ್ರ ಜಾರತೈತಿ."

"ಅದಕ್ಕ ಕೊಟ್ಟೀನಿ."

ಬಾಳಪ್ಪ ಪೈಪನ್ನು ಒಳಗಿಳಿಸಿದ.

"ಮೊದಲ ಹಿಂದಕ್ಕ ತಿರುಗಿಸು."

"ಹಿಂದಕ್ಕ ತಿರುಗಿಸಿದ್ರ ಬಿಚ್ಚತೈತಲ್ರೀ!"

ಗುರುಗಳು ಹೊಳೆಯ ಕಡೆ ನೋಡುತ್ತ ನಿಂತರು.

ಬಾಳಪ್ಪ ಹಿಂದಕ್ಕೆ ತಿರುಗಿಸಿದ. ಒತ್ತಲಿಲ್ಲ, ಒತ್ತುವಂತೆಯೂ ಇರಲಿಲ್ಲ. ಪ್ಲಗ್ಗು ಕಬ್ಬಿಣದ ಅಂಚಿನ ಮೇಲೆ ಸುಮ್ಮನೆ ಸುತ್ತಿತು. ಕಾಣಲು ಏನೂ ಇರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ.

ಆಗ ಅದು ಇಳಿಯಿತು.

ಸುತ್ತಿನ ತುದಿಗೆ ಸುತ್ತಿನ ತುದಿ ಸಿಕ್ಕಿ, ಕೂದಲೆಳೆಯಷ್ಟು. ಸದ್ದಿಲ್ಲ. ಆದರೆ ಆ ಇಳಿತ ಪೈಪಿನುದ್ದಕ್ಕೂ ಹರಿದು ಬೆರಳಿಗೆ ಬಂತು, ಬೆರಳಿಂದ ಎದೆಗೆ ಬಂತು. ಬಾಳಪ್ಪ ಉಸಿರು ಹಿಡಿದು ಮುಂದಕ್ಕೆ ತಿರುಗಿಸಿದ. ಪ್ಲಗ್ಗು ತನ್ನ ಮನೆಗೆ ತಾನೇ ನಡೆದು ಹೋದ ಹಾಗೆ ಸುತ್ತು ಸುತ್ತಾಗಿ ಒಳಗೆ ಹೋಯಿತು. ಎಲ್ಲಿಯೂ ತಡೆಯಲಿಲ್ಲ. ಅವನ ಕಣ್ಣಲ್ಲಿ ನೀರು ನಿಂತಿತು. ಯಾಕೆಂದು ಅವನಿಗೇ ತಿಳಿಯಲಿಲ್ಲ.

ಪೂರ್ತಿ ಕೂತ ಮೇಲೆ ಗುರುಗಳು ಪಾನಾ ಕೈಗಿತ್ತರು. "ಈಗ ಬಿಗಿ ಮಾಡು. ಸ್ವಲ್ಪ."

ಬೀರವ್ವ ಮರಿಯನ್ನೆತ್ತಿಕೊಂಡು ಕ್ಯಾಬಿನ್ನು ಹತ್ತಿದಳು. ಲಾರಿ ಒಮ್ಮೆಯೂ ಕೆಮ್ಮದೆ ಗುಡ್ಡ ಏರಿತು. ಮೇಲೆ ಬಿದ್ದುಕೊಂಡಿದ್ದ ಕುರಿಗಳು ನೀರಿನ ವಾಸನೆಗೆ ಒಂದೊಂದಾಗಿ ಎದ್ದು ನಿಂತವು. ತೊಟ್ಟಿಯ ಸುತ್ತ ಕುಡಿಯುವ ಸದ್ದಷ್ಟೇ.

ಸಂಜೆ ಬಾಳಪ್ಪ ಹೊಳೆಯ ದಂಡೆಯಲ್ಲಿ ಗುರುಗಳ ಬಳಿ ಬಂದು ಕೂತ. ತನ್ನ ಕೈಗಳನ್ನು ಯಾರದ್ದೋ ಕೈಗಳೆಂಬಂತೆ ತಿರುವಿ ತಿರುವಿ ನೋಡಿಕೊಂಡ.

"ಅಜ್ಜಾರ, ನಾ ಏನೂ ನೋಡ್ಲಿಲ್ಲ, ಏನೂ ಕೇಳ್ಲಿಲ್ಲ. ಪ್ಲಗ್ಗಿನ ದಾರಿ ನನಗ ಹೆಂಗ ಗೊತ್ತಾತ್ರಿ?"

"ನಿನಗೆಲ್ಲಿ ಗೊತ್ತಾತೋ? ಅದಕ್ಕ ಗೊತ್ತಿತ್ತು. ನೀ ಅಡ್ಡ ಬರೋದು ಬಿಟ್ಟಿ, ಅಷ್ಟ."