ಹಸಿರಾಗಿ ಉಳಿದ ಒಂದೇ ಪೀಚ್ ಗಿಡ

ಹಾಲಯ್ಯ ಗುರುಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಗಿಡ ಬೆಳೆಸುವವರಿಗೆ ತಾಳ್ಮೆ ಜಾಸ್ತಿ ಅನ್ನುತ್ತಾರಲ್ಲ, ಅವರ್ಯಾರೂ ಇವರ ಆಶ್ರಮಕ್ಕೆ ಹೋದವರಲ್ಲ ಬಿಡಿ.

ಬೆಟ್ಟದ ಕೆಳಗಿನ ಊರುಗಳಲ್ಲಿ ಪೀಚ್ ಮರಗಳಿಗೆ ನಂಜುರೋಗ ಬಿದ್ದು ತೋಟಕ್ಕೆ ತೋಟವೇ ಒಣಗಿತ್ತು. ಮದ್ದಿಲ್ಲದ ರೋಗ. ತಡೆದು ನಿಲ್ಲುವ ತಳಿಯನ್ನೇ ಹುಡುಕಬೇಕು.

ಗುರುಗಳು ಬೇರೆಬೇರೆ ತಳಿ ಕೂಡಿಸಿ, ಹಣ್ಣಿನೊಳಗಿನ ಓಟೆ ಬಿತ್ತಿ, ಸಸಿ ಎಬ್ಬಿಸಿದರು. ಆಮೇಲೆ ರೋಗದ ಮರದ ತೊಗಟೆಯ ಚೂರನ್ನು ಒಂದೊಂದು ಸಸಿಗೂ ಕಸಿ ಕಟ್ಟಿಸಿದರು. ನಂಜು ಏರಿದ ಮೇಲೂ ಬದುಕಿದರೆ ಅದೇ ಬೇಕಾದ ಗಿಡ.

ಕಟ್ಟಿದವನು ಶಿಷ್ಯ ಚೆನ್ನಮಲ್ಲ. ಹೊಳೆಯಿಂದ ನೀರು ಹೊತ್ತು ಅವನ್ನು ಸಾಕಿದವನೂ ಅವನೇ.

ಸಸಿಗಳು ಒಂದೊಂದಾಗಿ ಮುದುರಿ ಸತ್ತವು. ಮೂಲೆಯಲ್ಲಿ ಒಂದು ಮಾತ್ರ ಹಸಿರಾಗಿ ನಿಂತಿತು.

"ಸಿಕ್ಕಿತು ಕಣೋ!" ಗುರುಗಳು ಕುಣಿದೇಬಿಟ್ಟರು. "ಊರಿನವರಿಗೆ ಹೇಳಿ ಕಳಿಸು. ನಾಳೆಯೇ ಇದರ ಕಡ್ಡಿ ಹಂಚೋಣ, ಕಸಿ ಕಟ್ಟಿಕೊಳ್ಳಲಿ."

ಚೆನ್ನಮಲ್ಲ ಅಲ್ಲಾಡಲಿಲ್ಲ.

"ಏನೋ, ಗರ ಬಡಿದವನ ಹಾಗೆ ನಿಂತೆ?"

"ಅಯ್ಯಾ, ಇದಕ್ಕೆ ಕಟ್ಟಿದ್ದ ಚೂರನ್ನು ಅವತ್ತು ಸಂಜೆಯೇ ಕಿತ್ತುಹಾಕಿದೆ. ಒಂದಾದರೂ ಉಳೀಲಿ ಅನ್ನಿಸಿತು."

ಗುರುಗಳ ಕೈಲಿದ್ದ ಬುಟ್ಟಿ ಇಳಿಜಾರಿಗೆ ಹಾರಿತು.

"ಅಯ್ಯೋ ಪಾಪಿ! ಇದನ್ನ ನಂಬಿ ಅವರು ಮತ್ತೆ ತೋಟ ಹಾಕ್ತಿದ್ರಲ್ಲೋ! ಅದೂ ಒಣಗಿದ್ದರೆ ಅವರ ಮಕ್ಕಳ ಮುಂದೆ ಯಾವ ಮುಖ ಇಟ್ಕೊಂಡು ನಿಲ್ತಿದ್ದೆ?"

ಚೆನ್ನಮಲ್ಲನಿಗೂ ರೇಗಿತು.

"ನಿಮಗೇನು ಅಯ್ಯಾ! ಕಟ್ಟು ಅಂದ್ರಿ, ಒಳಗೆ ಹೋಗಿ ಕೂತ್ರಿ. ದಿನಾ ಅವು ಸಾಯೋದನ್ನ ನೋಡಿದ್ದು ನಾನು!"

ಗುರುಗಳು ಬಿರಬಿರನೆ ನಡೆದುಹೋಗಿ ರೋಗದ ಮರದಿಂದ ತೊಗಟೆಯ ಚೂರು ಎಬ್ಬಿಸಿಕೊಂಡು ಬಂದರು. ಚೂರನ್ನೂ ಚಾಕುವನ್ನೂ ಅವನ ಮುಂದೆ ಹಿಡಿದರು.

"ಸತ್ತರೆ?" ಅಂದ ಚೆನ್ನಮಲ್ಲ.

"ಮತ್ತೆ ಓಟೆ ಬಿತ್ತೋದು."

"ನನ್ನ ಕೈಲಾಗಲ್ಲ ಅಯ್ಯಾ. ನೀವೇ ಮಾಡಿ."

ಗುರುಗಳು ಚಾಕು ಹಿಡಿದ ಕೈಯನ್ನು ಅವನ ಕಣ್ಣೆದುರಿಗೆ ತಂದರು. ಅದು ಗಡಗಡ ನಡುಗುತ್ತಿತ್ತು.

"ನೋಡು, ಇದರ ತುಂಬ ಸಿಟ್ಟಿದೆ. ನಾನು ಕೊಯ್ದರೆ ಗಿಡದ ಗಾಯ ದೊಡ್ಡದಾಗುತ್ತೆ. ನಿನಗೆ ಅದರ ಮೇಲೆ ಪ್ರೀತಿ ಇದೆಯಲ್ಲ, ನೀನೇ ಕೊಯ್ಯಿ."