ನಡೆಮಡಿ ಬಂಡೆ

ಕಂಚಿಗನಾಳಿನ ಬಸ್ ನಿಲ್ದಾಣದಿಂದ ಪಡುವಣಕ್ಕೆ ಒಂದು ಮೈಲಿ ನಡೆದರೆ ಊರಿನ ಬೀದಿಗಳು ಮುಗಿದು ಕಪ್ಪು ದಿಬ್ಬಗಳು ಶುರುವಾಗುತ್ತವೆ. ಮೊದಲ ಸಲ ಬಂದವರು ಅವನ್ನು ಕಲ್ಲಿದ್ದಲು ಎಂದುಕೊಳ್ಳುವುದುಂಟು. ಅದು ಕಿಟ್ಟ, ಹಿಂದಿನವರು ಇಲ್ಲಿ ತಾಮ್ರದ ಅದಿರನ್ನು ಕರಗಿಸಿ ಲೋಹ ತೆಗೆದುಕೊಂಡ ಮೇಲೆ ಉಳಿದ ಕಸ. ದಿಬ್ಬಗಳ ಪಕ್ಕದಿಂದ ಒಂದು ಬೋಳು ಬಂಡೆ ಊರಿನ ಕಡೆಗೆ ಇಳಿಜಾರಾಗಿ ಮಲಗಿದೆ. ಉದ್ದ ಇನ್ನೂರು ಮಾರು, ಅಗಲ ಅದರ ಅರ್ಧ. ಮೈಮೇಲೆ ಅಲ್ಲಲ್ಲಿ ಹಸಿರು ಪಟ್ಟೆಗಳಿವೆ. ಹೋದ ವರ್ಷ ಗಣಿಯ ನೀರು ಎಲ್ಲೆಲ್ಲಿ ಕೆಟ್ಟಿದೆ ಎಂದು ನೋಡಲು ಪಟ್ಟಣದಿಂದ ನಾಲ್ಕು ಜನ ಓದಿದವರು ಬಂದು, ಊರಿನ ಬಾವಿ, ಬೋರ್‌ವೆಲ್ಲುಗಳ ನೀರನ್ನೆಲ್ಲ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಬಣ್ಣ ಬಣ್ಣದ ನಕಾಶೆ ಬರೆದುಕೊಂಡು ಹೋದರು. ಊರಿನ ಹಿರಿಯರು ಅವರಿಗೆ ಚಹಾ ಕುಡಿಸಿ, ಈ ಕೆಲಸ ಇಲ್ಲಿ ಹೊಸದಲ್ಲ ಎಂದು ಹೇಳಿದರಂತೆ. ಅವರು ನಕ್ಕರಂತೆ. ಬಂಡೆಯ ಹೆಸರು ನಡೆಮಡಿ ಬಂಡೆ. ದೊರೆಗಳ ವೈಭವದ ಕಾಲದಲ್ಲಿ ಇಲ್ಲಿ ಬಿಳಿಯ ಮಡಿ ಹಾಸಿ ಮೆರವಣಿಗೆ ಮಾಡುತ್ತಿದ್ದರು, ಅದಕ್ಕೇ ಆ ಹೆಸರು ಎಂದು ಕೆಲವರು ಹೇಳುವುದುಂಟು. ಹಾಗೆ ಹೇಳುವವರು ಊರಿನವರಲ್ಲ. ಬರಿಯ ವೈಭವಕ್ಕೆ ಕಂಚಿಗನಾಳಿನ ಜನ ಹೆಸರಿಡುವವರಲ್ಲ.

ಹಿಂದೆ ಒಮ್ಮೆ ಈ ಊರನ್ನು ಬೊಪ್ಪಣ್ಣ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಗುಡ್ಡದ ಹೊಟ್ಟೆ ಬಗೆದು ಅದಿರು ತೆಗೆಯುವವರು, ಕಾಡು ಕಡಿದು ಇದ್ದಿಲು ಸುಡುವವರು, ಕುಲುಮೆ ಊದುವವರು, ಕೆರೆಯ ಕೆಳಗೆ ಭತ್ತ ಬೆಳೆಯುವವರು, ಹೀಗೆ ಊರಿಗೆಲ್ಲ ಕೈತುಂಬ ಕೆಲಸವಿತ್ತು. ಆ ಊರಿನ ಮಡಿವಾಳರ ಮನೆಯ ಹಿರಿಯಳು ಕಾಟವ್ವ. ಗಂಡ ತೀರಿಕೊಂಡಿದ್ದ. ಮಗ ಓಬಳ, ಸೊಸೆ ಸಣ್ಣೀರಿ. ಊರಿನ ಒಳಗುಟ್ಟು ಕಾಟವ್ವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ ಎನ್ನುತ್ತಾರೆ. ಯಾರ ಮನೆಯಲ್ಲಿ ಜಗಳವಾಯಿತು, ಯಾರು ಕದ್ದು ಕುಡಿದರು, ಎಲ್ಲವನ್ನೂ ಅವಳು ಬಟ್ಟೆಯ ಗಂಟು ಬಿಚ್ಚುವಾಗಲೇ ತಿಳಿದುಕೊಳ್ಳುತ್ತಿದ್ದಳು, ಆದರೆ ತಿಳಿದದ್ದನ್ನು ಹೊರಗೆ ಆಡುತ್ತಿರಲಿಲ್ಲ. ಬಾಯಿ ಬಿಗಿಹಿಡಿಯುವುದು ಅವಳ ಕಸುಬಿನ ಮೊದಲ ಮಾತು. ಹೆರಿಗೆಯಾದ ಮನೆಯಿಂದ ಮೈಲಿಗೆ ಬಟ್ಟೆ ಬರುತ್ತಿತ್ತು. ಅದಾದ ಹತ್ತು ಹದಿನೈದು ದಿನಕ್ಕೆ ಕೂಸಿನ ಬಟ್ಟೆ ಬರಬೇಕು. ಹಳ್ಳದ ದಂಡೆಯ ಕೆಳಗೇರಿಯ ಮನೆಗಳಿಂದ ಕೆಲವು ವರ್ಷಗಳಿಂದ ಮೈಲಿಗೆ ಬಟ್ಟೆ ಬರುತ್ತಿತ್ತೇ ಹೊರತು ಕೂಸಿನ ಬಟ್ಟೆ ಬರುವುದು ಕಡಿಮೆಯಾಗಿತ್ತು. ಕಾಟವ್ವ ಕೇಳುತ್ತಿರಲಿಲ್ಲ. ಅಂಥ ಮನೆಯ ಬಟ್ಟೆಯನ್ನು ಬೇರೆಯವರ ಬಟ್ಟೆಯ ಜೊತೆ ಸೇರಿಸದೆ ಒಂದೊಂದನ್ನೇ ಮೆಲ್ಲಗೆ ಒಗೆಯುತ್ತಿದ್ದಳು. ಆಮೇಲೆ ಆ ದುಃಖ ಅವಳ ಮನೆಗೂ ಬಂತು. ಸಣ್ಣೀರಿಯ ಎರಡು ಬಸುರು ತಿಂಗಳು ತುಂಬುವ ಮೊದಲೇ ಹೋದವು.

ಸೊಸೆಯೆಂದರೆ ಕಾಟವ್ವನಿಗೆ ಜೀವ. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ, ಸಣ್ಣೀರಿಗೆ ತಾಯಿ ಇರಲಿಲ್ಲ. ಹೀಗಾಗಿ ಇಬ್ಬರೂ ಅತ್ತೆ ಸೊಸೆಯರು ಮಾಡಬೇಕಾದ ಜಗಳವನ್ನೇ ಮರೆತಿದ್ದರು ಎಂದು ನೆರೆಯವರು ಚೇಷ್ಟೆ ಮಾಡುತ್ತಿದ್ದರು. ಮೂರನೆಯ ಸಲ ಸಣ್ಣೀರಿ ಬಸುರಾಗಿ ಮೂರು ತಿಂಗಳು ಕಳೆದಾಗ ಕಾಟವ್ವ ಅವಳಿಗೆ ಒಂದು ಕೊಡ ಎತ್ತಲೂ ಬಿಡಲಿಲ್ಲ. ಮೊದಲೆರಡು ಸಲ ಮಾಡಿದಂತೆಯೇ ದಿನವೂ ಮುಂಜಾನೆ ಎದ್ದು ಕಿಟ್ಟದ ದಿಬ್ಬದ ಬುಡದ ಕನ್ನಡಿ ಒರತೆಗೆ ಹೋಗಿ, ಸೊಸೆ ಕುಡಿಯುವುದಕ್ಕೆಂದು ನೀರು ಹೊತ್ತು ತಂದಳು. ಊರಿನಲ್ಲಿ ಅಂಥ ತಿಳಿನೀರು ಇನ್ನೊಂದಿರಲಿಲ್ಲ. ಆಳೆತ್ತರದ ಆಳದಲ್ಲಿ ಬಿದ್ದ ಸೂಜಿ ಕಾಣುತ್ತಿತ್ತು. ಪಾಚಿಯಿಲ್ಲ, ಕಪ್ಪೆಯಿಲ್ಲ, ಮೀನಿಲ್ಲ, ಒಂದು ಹುಳವೂ ಇಲ್ಲ. ಬಟ್ಟೆ ಒಗೆಯುವವರಿಗೆ ಪಾಚಿಯಿಲ್ಲದ ನೀರೆಂದರೆ ದೇವರು ಕೊಟ್ಟ ನೀರು. ಅವಳು ಬಟ್ಟೆ ಬೇಯಿಸುವುದೂ ಅದೇ ನೀರಿನಲ್ಲಿ. ಕಾಟವ್ವನ ಹಿರಿಯರು ನೀರಿನ ಗುಣವನ್ನು ಕಣ್ಣಿನಿಂದಲೇ ಅಳೆಯುತ್ತಿದ್ದರು, ಅವಳೂ ಹಾಗೆಯೇ ಅಳೆದಳು.

ಆದರೆ ಆ ವರ್ಷ ಅವಳ ಕಸುಬಿಗೇ ಕುತ್ತು ಬಂದಿತ್ತು. ಉಬ್ಬೆಯಿಂದ ತೆಗೆದ ಬಟ್ಟೆಗಳಲ್ಲಿ ಹಸಿರು ಛಾಯೆ ಕಾಣತೊಡಗಿತ್ತು. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ನೆನೆಸಿ, ಬಾನಿಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುವುದಕ್ಕೆ ಉಬ್ಬೆ ಎನ್ನುತ್ತಾರೆ. ಎಂಥ ಕೊಳೆಯಾದರೂ ಉಬ್ಬೆಯಲ್ಲಿ ಬಿಡಬೇಕು. ಇಲ್ಲಿ ಬಿಳಿ ಬಟ್ಟೆಯೇ ಬಣ್ಣ ಕಟ್ಟಿಕೊಂಡು ಬರುತ್ತಿತ್ತು. ಒಮ್ಮೆ ಅರಮನೆಯ ರುಮಾಲು ಹಾಗೆ ಬಂದು, ಅವಳು ಚೆನ್ನಾಗಿ ಬೈಸಿಕೊಂಡು ಬಂದಳು. ಚೌಳು ಕೆಟ್ಟಿರಬೇಕೆಂದು ಮೂರು ಕಡೆಯಿಂದ ಹೊಸ ಮಣ್ಣು ತಂದಳು. ಬಾನಿ ಬದಲಿಸಿದಳು. ಮೈಲಿಗೆಯಲ್ಲಿ ಬಾನಿ ಮುಟ್ಟಿದೆಯಾ ಎಂದು ಓಬಳನನ್ನು ಗದರಿದಳು. ಕೊನೆಗೊಂದು ದಿನ ಒರತೆಯ ನೀರು ಸಣ್ಣೀರಿಗೆ ಕುಡಿಯಲಷ್ಟೇ ಸಾಕಾಗಿದ್ದರಿಂದ, ಬೇರೆ ದಾರಿಯಿಲ್ಲದೆ, ಕಪ್ಪೆ ವಟಗುಟ್ಟುವ ಮಳೆಹೊಂಡದ ನೀರಿನಲ್ಲಿ ಉಬ್ಬೆ ಹಾಕಿದಳು. ಅದೇ ಬಾನಿ, ಅದೇ ಚೌಳು, ಅದೇ ಉರಿ. ಬಟ್ಟೆ ಮಲ್ಲಿಗೆಯಂತೆ ಬಂತು. ಕಾಟವ್ವನಿಗೆ ಮೊದಲು ಸಂತೋಷವಾಯಿತು. ಸಿಕ್ಕಿಬಿದ್ದ ಕಳ್ಳ ನೀರೇ ಎಂದು ನಗು ಬಂತು. ಆ ನಗು ಮುಗಿಯುವ ಮೊದಲೇ, ಆ ನೀರನ್ನು ತಾನು ಯಾರಿಗೆ ಕುಡಿಸುತ್ತಿದ್ದೇನೆ ಎನ್ನುವುದು ನೆನಪಾಯಿತು. ಮೂರು ಬಸುರಿನುದ್ದಕ್ಕೂ ಅವಳೇ ಹೊತ್ತು ತಂದಿದ್ದಳು. ಬೇಡ ಅತ್ತೀ, ನಾನೇ ಹೋಗ್ತೀನಿ ಎಂದರೂ ಬಿಡದೆ ತಂದಿದ್ದಳು. ಒಗೆಯುವ ಕಲ್ಲಿನ ಮೇಲೆ ಕುಳಿತು ಅವಳು ಬಹಳ ಹೊತ್ತು ಅತ್ತಳು.

ಅಂದಿನಿಂದ ಸೊಸೆಗೆ ಮಳೆಹೊಂಡದ ನೀರನ್ನೇ ಸೋಸಿ, ಕಾಯಿಸಿ ಕೊಟ್ಟಳು. ರುಚಿ ಬೇರೆಯಾಯಿತಲ್ಲ ಎಂದು ಸಣ್ಣೀರಿ ಕೇಳಿದಾಗ ಏನೋ ಒಂದು ಹೇಳಿ ಜಾರಿಕೊಂಡಳು. ನಿಜ ಹೇಳುವ ಧೈರ್ಯ ಅವಳಿಗಿರಲಿಲ್ಲ. ಆದರೆ ಹೊಂಡದ ನೀರು ಬೇಸಿಗೆಗೆ ಬತ್ತುತ್ತದೆ, ಹೆರಿಗೆ ಬೇಸಿಗೆ ಕಳೆದ ಮೇಲೆ. ಅಲ್ಲಿಯವರೆಗೆ ಸೊಸೆಗೆ ಏನು ಕುಡಿಸುವುದು? ಕಣ್ಣನ್ನು ನಂಬಿ ಕೆಟ್ಟಿದ್ದಾಯಿತು, ಇನ್ನು ಬಟ್ಟೆಯನ್ನೇ ಕೇಳುವುದು ಎಂದುಕೊಂಡಳು. ಹಳೆಯ ಪಂಚೆಗಳನ್ನು ಮಾರುದ್ದದ ತುಂಡುಗಳಾಗಿ ಹರಿದಳು. ಕೆಳಗೇರಿ, ಮೇಲುಗೇರಿ, ತೋಟ, ಗದ್ದೆ, ಇದ್ದಿಲು ಸುಡುವ ದಿಣ್ಣೆ, ಮೂಡಣದ ಕಾಡು, ಕೆರೆ, ಕೋಟೆ, ಎಲ್ಲೆಲ್ಲಿ ನೀರಿದೆಯೋ ಅಲ್ಲಲ್ಲಿಂದ ಒಂದೊಂದು ಕೊಡ ತಂದಳು. ಕೋಟೆಯ ಬಾವಿಯ ನೀರನ್ನು ಅವಳು ಮುಟ್ಟುವಂತಿರಲಿಲ್ಲ. ಅರಮನೆಯ ದಾಸಿಯೊಬ್ಬಳು ಸೇದಿ ಹಾಕಿದಳು. ಒಂದೊಂದು ನೀರಿಗೆ ಒಂದೊಂದು ತುಂಡು. ಯಾವ ಬಾವಿಯದು ಎಂದು ಮರೆಯದಂತೆ, ಮನೆ ಮನೆಯ ಬಟ್ಟೆಗೆ ಹಾಕುವ ಹಾಗೆ, ಮೂಲೆಯಲ್ಲಿ ಕರಿಗೇರಿನ ಕಾಯಿಯ ಅಳಿಯದ ಗುರುತು ಹಾಕಿದಳು. ಎಲ್ಲವನ್ನೂ ಬೇರೆ ಬೇರೆ ಉಬ್ಬೆ ಹಾಕಿ ತೆಗೆಯಲು ಅರ್ಧ ತಿಂಗಳೇ ಹಿಡಿಯಿತು. ಒಣಗಿಸಲು ಬಂಡೆಯ ಮೇಲೆ ಹರವುವಾಗ, ಬಾವಿ ಊರಿನ ಯಾವ ದಿಕ್ಕಿಗಿದೆಯೋ ಬಟ್ಟೆಯನ್ನು ಆ ದಿಕ್ಕಿಗೇ ಹಾಕಿದಳು. ಮೇಲೆ ಗಣಿ, ಕೆಳಗೆ ಕೆರೆ, ನಡುವೆ ಊರು.

ಸಂಜೆ ಬಂಡೆಯ ನೆತ್ತಿಗೆ ಹತ್ತಿ ನೋಡಿದಾಗ ಇಡೀ ಕಂಚಿಗನಾಳು ಅವಳ ಕಾಲ ಕೆಳಗೆ ಹಾಸಿತ್ತು. ಹಸಿರು ಕಿಟ್ಟದ ದಿಬ್ಬದ ಬುಡದಲ್ಲಿ ದಟ್ಟವಾಗಿ ಹುಟ್ಟಿ, ಹಳ್ಳದ ಗುಂಟ ಇಳಿದು, ಕೆಳಗೇರಿಯ ಬಾವಿಗಳನ್ನೆಲ್ಲ ಸವರಿಕೊಂಡು, ಗದ್ದೆಯ ಕಾಲುವೆಗಳಲ್ಲಿ ಚದುರಿ, ಕೆರೆಯ ಜೊಂಡಿನ ಹತ್ತಿರ ಮಾಸಿಹೋಗಿತ್ತು. ಕಾಡು ಕಡಿದು ಇದ್ದಿಲು ಸುಟ್ಟ ದಿಣ್ಣೆಯ ಬಟ್ಟೆಗಳು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮರ ಉಳಿದಿದ್ದ ಮೂಡಣದ ಒರತೆ ಬಿಳುಪು. ಕೋಟೆಯ ಬಾವಿ ಅದಕ್ಕಿಂತ ಬಿಳುಪು. ಯಾರು ಎಲ್ಲಿ ಏನು ಮಾಡಿದರೋ ಅದು ಅಲ್ಲಿಯ ಬಟ್ಟೆಗೆ ಬಂದಿತ್ತು. ಯಾವ ಮನೆಗಳಿಂದ ಕೂಸಿನ ಬಟ್ಟೆ ಬರಲಿಲ್ಲ ಎನ್ನುವುದು ಕಾಟವ್ವನಿಗೆ ಬಾಯಿಪಾಠ. ಆ ಮನೆಗಳೆಲ್ಲ ಹಸಿರಿನ ದಾರಿಯಲ್ಲೇ ಇದ್ದವು.

ಪೂರ್ತಿ ಬಿಳುಪಾಗಿ ಬಂದ ಎರಡರಲ್ಲಿ ಮೂಡಣದ ಒರತೆ ಬೇಸಿಗೆಗೆ ಬತ್ತುವಂಥದ್ದು, ಕೋಟೆಯ ಬಾವಿ ಎಂದೂ ಬತ್ತದ್ದು. ಆ ಬಾವಿಗೆ ಕೆಳಗೇರಿಯವರು ಹಗ್ಗ ಹಾಕುವಂತಿರಲಿಲ್ಲ. ಒಪ್ಪಿಗೆ ಕೊಡಬೇಕಾದರೆ ದೊರೆಯೇ ಕೊಡಬೇಕು, ದೊರೆಯ ಎದುರು ನಿಂತು ಮಾತನಾಡುವ ದಾರಿ ಮಡಿವಾಳ ಹೆಂಗಸಿಗೆಲ್ಲಿಯದು? ಅವಳಿಗಿದ್ದ ದಾರಿ ಒಂದೇ. ವರ್ಷಕ್ಕೊಮ್ಮೆ ಕುಲುಮೆ ಹೊತ್ತಿಸುವ ದಿನ ದೊರೆ ಬರಿಗಾಲಿನಲ್ಲಿ ಈ ಬಂಡೆಯನ್ನು ಹತ್ತುತ್ತಿದ್ದ. ಅವನ ಕಾಲು ನೆಲಕ್ಕೆ ತಾಗದಂತೆ ಮುಂದೆ ಮುಂದೆ ನಡೆಮಡಿ ಹಾಸುವ ಹಕ್ಕು ಕಾಟವ್ವನ ಮನೆತನದ್ದು. ನಡೆಮಡಿಯ ಮೇಲೆ ಒಂದು ಕಲೆ ಕಂಡರೂ ಹಕ್ಕು ಹೋಗುತ್ತದೆ, ಊರೂ ಬಿಡಬೇಕಾಗುತ್ತದೆ. ಅದು ಗೊತ್ತಿದ್ದೇ ಆ ಬೆಳಿಗ್ಗೆ ಅವಳು ಪೆಟ್ಟಿಗೆಯಲ್ಲಿದ್ದ ಬಿಳಿಯ ಮಡಿಯನ್ನು ಮುಟ್ಟದೆ ಈ ತುಂಡುಗಳ ಗಂಟನ್ನು ಹೊತ್ತು ಹೋದಳು.

ಊರೆಲ್ಲ ನೆರೆದಿತ್ತು. ಸಣ್ಣೀರಿಯೂ ಹೊಟ್ಟೆಯ ಮೇಲೆ ಸೆರಗು ಹೊದ್ದು ಹೆಂಗಸರ ನಡುವೆ ನಿಂತಿದ್ದಳು. ಕೆರೆಯ ಕಡೆಯ ಮೊದಲ ತುಂಡುಗಳು ಹೆಚ್ಚುಕಡಿಮೆ ಬಿಳಿಯಾಗಿದ್ದುದರಿಂದ ಬೊಪ್ಪಣ್ಣ ನಾಯಕ ಗಮನಿಸದೆ ನಡೆದ. ಬಟ್ಟೆ ಹಸಿರಾಗುತ್ತಾ ಬಂದಂತೆ ಅವನ ನಡಿಗೆ ನಿಧಾನವಾಯಿತು. ದೊರೆಯ ಹಿಂದೆ ಬರುತ್ತಿದ್ದವರು ಗೊಣಗಿದರು. ಒಬ್ಬ ಮುಂದೆ ಬಂದು ಬಟ್ಟೆ ಎಳೆಯಲು ಬಗ್ಗಿದಾಗ ದೊರೆ ಕೈಯಿಂದಲೇ ತಡೆದ.

“ಏನಬೇ ಕಾಟವ್ವ, ಏನು ಹಾಸೀದಿ ಇದು?”

“ಊರ ನೀರು, ದೊರಿ. ಒಂದು ಬಟ್ಟಿಗೆ ಒಂದು ಬಾವಿ. ಬಾವಿ ಎಲ್ಲೈತೋ ಬಟ್ಟೀನೂ ಅಲ್ಲೇ ಹಾಸೀನಿ.” ಅವಳು ತಲೆ ಎತ್ತದೆ ಹೇಳಿದಳು. “ನಿಮ್ಮ ಕ್ವಾಟಿ ಬಾವಿ ಆ ಕಡೀಗೈತಿ ನೋಡ್ರಿ, ಬೆಳ್ಳಗೈತಿ. ಇವು ಕೆಳಗೇರೀವು.”

ದೊರೆ ತನ್ನ ಬಾವಿಯ ಬಟ್ಟೆಯನ್ನು ನೋಡಿ ಸಮಾಧಾನಪಟ್ಟುಕೊಂಡ ಎನ್ನುತ್ತಾರೆ. ಇದ್ದೀತು, ದೊರೆಯೂ ಮನುಷ್ಯನೇ. ಒಂದೊಂದೇ ಬಾವಿಯ ಹೆಸರು ಕೇಳುತ್ತಾ ಮೇಲೆ ಹತ್ತಿದ. ಕೊನೆಯ ತುಂಡು ನವಿಲುಗರಿಯಷ್ಟು ಹಸಿರಾಗಿತ್ತು. ಮೂಲೆಯಲ್ಲಿ ಯಾವ ಗುರುತೂ ಇರಲಿಲ್ಲ.

“ಇದು ಯಾರ ಮನೀದು?”

“ನಂದು, ದೊರಿ. ಕನ್ನಡಿ ಒರತೀದು. ತಿಳಿ ಐತಿ ಅಂತ ನಾನಾ ಹೊತ್ತು ತಂದು ಸೊಸಿಗೆ ಕುಡಿಸೀನಿ. ಎರಡು ಬಸುರು ಹಂಗಾ ಹೋದ್ವು. ಈಗ ಮೂರನೇದು. ಗಣಿ ಮುಚ್ಚು ಅನ್ನಾಕ ನಾ ಯಾರು? ಹೆರಿಗಿ ಆಗೂತನಕ ಕ್ವಾಟಿ ಬಾವ್ಯಾಗ ದಿನಾ ಒಂದು ಕೊಡ ಸೇದಾಕ ಬಿಡ್ರಿ. ಆಮ್ಯಾಲೆ ಊರು ಬಿಡು ಅಂದ್ರೂ ಬಿಡ್ತೀನಿ.”

ಬೊಪ್ಪಣ್ಣ ನಾಯಕ ಅಲ್ಲೇ ಕಣ್ಣೀರು ಹಾಕಿದ ಎಂದು ಹೇಳುವವರಿದ್ದಾರೆ. ಅದು ಹೇಳುವವರು ಸೇರಿಸಿದ್ದು. ಎಲ್ಲರೂ ಒಪ್ಪುವ ಮಾತೆಂದರೆ, ಅವನು ಆ ಬಟ್ಟೆಯ ಮೇಲೆ ಕಾಲಿಡಲಿಲ್ಲ. ಪಕ್ಕಕ್ಕೆ ಸರಿದು, ಹುಟ್ಟಿದಾಗಿನಿಂದ ಮೊದಲ ಸಲ, ಬರಿಯ ಬಂಡೆಯ ಮೇಲೆ ನಿಂತ. ಇವತ್ತು ಕುಲುಮೆ ಹೊತ್ತಿಸುವುದು ಬೇಡ ಎಂದ. ಕೋಟೆಯ ಬಾವಿಯಿಂದ ಈಗಲೇ ಒಂದು ಕೊಡ ನೀರು ತರಲು ಆಳನ್ನು ಓಡಿಸಿದ.

ಇಷ್ಟಾದರೂ ಕಾಟವ್ವನಿಗೆ ನೆಮ್ಮದಿಯಿರಲಿಲ್ಲ. ದೊರೆಗೆ ಹೇಳಿದ್ದನ್ನು ಸೊಸೆಯೂ ಕೇಳಿಸಿಕೊಂಡಿದ್ದಳು. ಹೆಂಗಸರ ಗುಂಪು ಸಣ್ಣೀರಿಯನ್ನೇ ನೋಡುತ್ತಿತ್ತು. ಊರು ಬಿಡುವುದಾದರೂ ಸರಿ, ಈ ಮುಖವನ್ನು ಅವಳಿಗೆ ಹೇಗೆ ತೋರಿಸಲಿ ಎಂದು ಕಾಟವ್ವ ಬಟ್ಟೆಯ ಅಂಚನ್ನು ಹಿಡಿದುಕೊಂಡು ಕುಳಿತೇ ಇದ್ದಳು. ಆಳು ಕೊಡ ತಂದು ಬಸುರಿಯ ಮುಂದೆ ಇಳಿಸಿ, ತಂಬಿಗೆ ಚಾಚಿದ. ಸಣ್ಣೀರಿ ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. ಗುಂಪಿನಿಂದ ಹೊರಬಂದು, ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಬಂಡೆ ಹತ್ತಿ, ಅತ್ತೆಯ ಎದುರು ಬರಿಗಲ್ಲಿನ ಮೇಲೆ ಕುಳಿತುಕೊಂಡಳು. ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದಳು.

“ಅತ್ತೀ, ನೀರಡಿಕಿ ಆಗೈತಿ. ನೀವಾ ಹಾಕ್ರಿ.”

ಆಳು ಹಿಂದೆಯೇ ತಂದಿಟ್ಟ ಕೊಡದಿಂದ ಕಾಟವ್ವ ತಂಬಿಗೆ ತುಂಬಿ, ಬೊಗಸೆಯ ಕಡೆ ನೋಡದೆ ಬಗ್ಗಿಸಿದಳು, ಅರ್ಧ ನೀರು ಕಲ್ಲಿನ ಮೇಲೆ ಹೋಯಿತು. ಉಳಿದ ಅರ್ಧವನ್ನು ಸಣ್ಣೀರಿ ಅತ್ತೆಯ ಮುಖ ನೋಡುತ್ತಲೇ ಕುಡಿದು, ಇನ್ನೂ ಹಾಕ್ರಿ ಎಂದಳು.

ದೊರೆ ಅಂದಿನಿಂದ ಗಣಿಯನ್ನೇ ಮುಚ್ಚಿಸಿದ ಎನ್ನುವುದು ಉತ್ಪ್ರೇಕ್ಷೆ. ತಾಮ್ರ ಬಿಟ್ಟುಕೊಡುವ ದೊರೆ ಎಲ್ಲಿಯೂ ಹುಟ್ಟಿಲ್ಲ. ಕಿಟ್ಟವನ್ನು ಹಳ್ಳದ ಕಡೆಗೆ ಸುರಿಯುವುದನ್ನು ನಿಲ್ಲಿಸಿದ, ಕನ್ನಡಿ ಒರತೆಗೆ ಕಲ್ಲು ಮುಚ್ಚಿಸಿದ, ಮೂಡಣದ ಕಾಡಿಗೆ ಕೊಡಲಿ ಹಾಕಬಾರದೆಂದು ಕಟ್ಟುಮಾಡಿದ. ಕೋಟೆಯ ಬಾವಿಗೆ ಕೆಳಗೇರಿಯ ಹಗ್ಗಗಳೂ ಇಳಿದವು, ಹೆರಿಗೆಯಾಗುವ ತನಕ ಮಾತ್ರವಲ್ಲ, ಆಮೇಲೂ. ಕಾಟವ್ವ ಊರು ಬಿಡಲಿಲ್ಲ. ಕಾರ ಹುಣ್ಣಿಮೆ ಕಳೆದ ಎಂಟನೆಯ ದಿನ ಸಣ್ಣೀರಿಗೆ ಹೆಣ್ಣು ಕೂಸು ಹುಟ್ಟಿತು. ಹದಿನೈದು ದಿನ ಕಳೆಯುವುದನ್ನೂ ಕಾಯದೆ ಕಾಟವ್ವ ಮೊಮ್ಮಗಳ ಬಟ್ಟೆಯನ್ನು ಒಗೆದು ಈ ಬಂಡೆಯ ಮೇಲೆ ಒಣಗಲು ಹರವಿದಳು. ಅದನ್ನು ನೋಡಲು ಊರಿನವರು ಒಬ್ಬೊಬ್ಬರಾಗಿ ಬಂದು ಹೋದರು ಎನ್ನುತ್ತಾರೆ.

ಈಗಲೂ ಶುಕ್ರವಾರಗಳಂದು ಬೆಳಿಗ್ಗೆ ಅಲ್ಲಿಗೆ ಹೋದರೆ ಕಾಣುತ್ತದೆ. ಏಳು ತಿಂಗಳು ತುಂಬಿದ ಬಸುರಿಯನ್ನು ಅತ್ತೆ ಕರೆದುಕೊಂಡು ಬರುತ್ತಾಳೆ. ಪೂಜೆಯಿಲ್ಲ, ಪೂಜಾರಿಯಿಲ್ಲ, ಮಂತ್ರವಿಲ್ಲ. ಇಬ್ಬರೂ ಬಂಡೆಯ ಮೇಲೆ ಎದುರು ಬದುರು ಕೂರುತ್ತಾರೆ. ಮಾತು ಬಿಟ್ಟು ತಿಂಗಳಾದವರೂ ಇರುತ್ತಾರೆ, ಅವರು ಕೂರುವ ಬಿಗುವಿನಲ್ಲೇ ಅದು ತಿಳಿಯುತ್ತದೆ. ಸೊಸೆ ಬೊಗಸೆ ಒಡ್ಡುತ್ತಾಳೆ, ಅತ್ತೆ ತಂಬಿಗೆ ಬಗ್ಗಿಸುತ್ತಾಳೆ. ಎಷ್ಟು ಕುಡಿದಳು, ಎಷ್ಟು ಚೆಲ್ಲಿತು ಎಂದು ಯಾರೂ ನೋಡುವುದಿಲ್ಲ. ಸೊಸೆ ಸಾಕು ಎನ್ನುವವರೆಗೂ ಅತ್ತೆ ಹಾಕುತ್ತಲೇ ಇರಬೇಕು.